ಬರೆಯಲು ಬಾರದ ಕೊಟ್ರಮ್ಮ

ಗಟ್ಟಿಯಾಗಿ ಓದುವ ಮಗುವನ್ನು ಮೊದಲು ಅನುಮಾನಿಸಿ. ಒಂದನೇ, ಎರಡನೇ ತರಗತಿಗೆ ಹೊಸದಾಗಿ ನೇಮಕವಾದ ಹುಡುಗಿಯರು ನನ್ನ ಹತ್ತಿರ ಬಂದು, "ಅಕ್ಕೋರೆ, ನಮಗೆ ಏನಾದರೂ ಹೇಳಿ" ಎಂದು ಕೇಳುತ್ತಾರೆ. ಪ್ರೀತಿ, ಸಹನೆ, ತ್ಯಾಗ ಎಂದು ಏನಾದರೂ ಹೇಳುತ್ತೇನೆಂದು ಕಾದು ಕೂತಿರುತ್ತಾರೆ. ಆ ಮಾತು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಶಾಲು ಹೊದಿಸುವ ಸಮಾರಂಭಗಳಿಗೆ ಹೋದರೆ ಪುಕ್ಕಟೆ ಸಿಗುತ್ತದೆ. ನಾನು ಹೇಳುವುದು ಇಷ್ಟೆ: ಮಗು ಪುಸ್ತಕ ಹಿಡಿದು ಎಲ್ಲೂ ತಡೆಯದೆ ರಾಗವಾಗಿ ಓದುತ್ತಿದ್ದರೆ ಹತ್ತಿರ ಹೋಗಿ ಪುಟವನ್ನು ಅಂಗೈಯಿಂದ ಮುಚ್ಚಿ. ಓದು ನಿಂತರೆ ಅದು ಓದು. ನಿಲ್ಲದೆ ಮುಂದಕ್ಕೆ ಹೋದರೆ ಅದು ಬಾಯಿಪಾಠ, ನೀವು ಮೋಸ ಹೋಗಿದ್ದೀರಿ ಎಂದು ತಿಳಿಯಿರಿ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದ ನಡುವಿನಲ್ಲಿ, ದಾವಣಗೆರೆಯಲ್ಲಿ. ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಶಾಲೆ ಇತ್ತು. ಶಾಲೆಯೆಂದರೆ ಬೇರೆ ಕಟ್ಟಡವೇನಲ್ಲ, ಚನ್ನಬಸಪ್ಪ ಸಾಹುಕಾರರ ದಲಾಲಿ ಅಂಗಡಿಯ ಹಿಂದಿನ ಉದ್ದ ಪಡಸಾಲೆ. ಮಕ್ಕಳು ನಾಲ್ಕಕ್ಷರ ಕಲಿಯಲಿ ಎಂದು ಸಾಹುಕಾರರು ಬಾಡಿಗೆ ಕೇಳದೆ ಬಿಟ್ಟುಕೊಟ್ಟಿದ್ದರು. ನಡುವೆ ಬಿದಿರಿನ ತಟ್ಟಿ ಕಟ್ಟಿ, ಆ ಕಡೆ ಹೆಡ್ ಮೇಷ್ಟ್ರು ಶಾಮಣ್ಣನವರ ತರಗತಿ, ಈ ಕಡೆ ನನ್ನ ಎರಡನೇ ತರಗತಿ. ಅಂಗಡಿಯಿಂದ ಅರಳೆಯ ಎಳೆ ಹಾರಿ ಬಂದು ಮಕ್ಕಳ ಎಣ್ಣೆ ಹಚ್ಚಿದ ತಲೆಗೆ ಅಂಟುತ್ತಿತ್ತು. ಭಾನುವಾರ ಶಾಲೆಗೆ ರಜೆ. ಅಂದು ಅದೇ ಪಡಸಾಲೆಯಲ್ಲಿ ಸೋಮವಾರದ ವ್ಯಾಪಾರಕ್ಕೆ ಗಾಡಿ ಹೊಡೆದುಕೊಂಡು ಬಂದ ರೈತರು ಮಲಗುತ್ತಿದ್ದರು. ಸೋಮವಾರ ಬೆಳಿಗ್ಗೆ ಶೇಂಗಾ ಸಿಪ್ಪೆ ಗುಡಿಸಿದ ಮೇಲೆಯೇ ನಮ್ಮ ಪ್ರಾರ್ಥನೆ.

ಮೊದಲನೇ ವರ್ಷವೇ ನನಗೆ ತಿಪ್ಪೇಶಿ ಎಂಬ ಹುಡುಗ ಪಾಠ ಕಲಿಸಿದ. ಗಿಳಿಯ ಪಾಠವನ್ನು ಅವನು ಓದುವುದನ್ನು ಕೇಳಿದರೆ ಕಿವಿ ತಂಪಾಗಬೇಕು, ಹಾಗೆ ಓದುತ್ತಿದ್ದ. ಒಂದು ದಿನ ಗಾಳಿಗೆ ಪುಟ ಮಗುಚಿಕೊಂಡು ಎತ್ತಿನ ಪಾಠ ಬಂತು. ತಿಪ್ಪೇಶಿ ಎತ್ತಿನ ಚಿತ್ರದ ಕೆಳಗೆ ಬೆರಳಿಟ್ಟುಕೊಂಡು ಗಿಳಿಯನ್ನೇ ಓದುತ್ತ ಹೋದ.

"ಪುಟ ಬದಲಾತಲ್ಲೋ" ಎಂದೆ.

"ಪಾಠ ಬದಲಾಗಿಲ್ರಿ ಅಕ್ಕೋರೆ" ಎಂದ, ಗಿಳಿ ಹಾರಿಹೋಗುವ ತನಕ ನಿಲ್ಲಿಸಲಿಲ್ಲ.

ಅವತ್ತಿನಿಂದ ನನಗೆ ಯಾರ ಓದಿನ ಮೇಲೂ ನಂಬಿಕೆ ಹೊರಟುಹೋಯಿತು. ಒಬ್ಬೊಬ್ಬರದೇ ಪುಟ ಮುಚ್ಚಿ ನೋಡಿದೆ. ಅಯ್ಯೋ ಶಿವನೆ, ಅರ್ಧ ತರಗತಿಯೇ ತಿಪ್ಪೇಶಿ! ತಟ್ಟಿಯಾಚೆಯ ಶಾಮಣ್ಣನವರಿಗೆ ಹೋಗಿ ಹೇಳಿದರೆ ಅವರು ಮೂಗಿಗೆ ನಶ್ಯ ಏರಿಸಿ, "ಗೊತ್ತೈತೆ ಬಿಡಮ್ಮ. ಇನ್‌ಸ್ಪೆಕ್ಟ್ರಿಗೆ ಗೊತ್ತಾಗದಂಗೆ ನೋಡ್ಕೊಂಡ್ರೆ ಆತು" ಎಂದರು. ಆ ಸಾಹೇಬರಿಗೆ ಧೂಳು ಆಗುತ್ತಿರಲಿಲ್ಲ. ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಮುಂದಿನ ಸಾಲಿನ ಮಕ್ಕಳನ್ನಷ್ಟೇ ಕೇಳಿ ಹೋಗುತ್ತಿದ್ದರು. ಶಾಮಣ್ಣನವರು ತಪಾಸಣೆಯ ದಿನ ಕಸ ಹೊಡೆಸುತ್ತಿರಲಿಲ್ಲ. ಅದು ಸೋಮಾರಿತನ ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ, ಅದು ಲೆಕ್ಕಾಚಾರ ಎಂದು ಆಮೇಲೆ ಹೊಳೆಯಿತು.

ನಾನೇನು ಮಾಡಿದೆ ಎಂದರೆ ಪಠ್ಯಪುಸ್ತಕವನ್ನೇ ಅನುಮಾನಿಸಿದೆ. ಅಣ್ಣಂದಿರು ಓದಿದ ಪಾಠ ತಮ್ಮಂದಿರಿಗೆ ಮನೆಯಲ್ಲೇ ಬಾಯಿಗೆ ಬಂದಿರುತ್ತದೆ. ಆದರೆ ಸೋಪಿನ ಕಾಗದದ ಮೇಲಿನ ಮಾತನ್ನು ಯಾವ ಅಣ್ಣನೂ ಬಾಯಿಪಾಠ ಮಾಡಿರುವುದಿಲ್ಲ. ಸೋಪಿನ ಕಾಗದ, ಬೆಂಕಿಪೊಟ್ಟಣ, ಔಷಧಿ ಬಾಟಲಿಯ ಚೀಟಿ, ಬಸ್ಸಿನ ಬೋರ್ಡು, ಗಿರಣಿಯ ಗೇಟಿನಲ್ಲಿ ಪಾಳಿಯ ವೇಳೆ ಬರೆದ ಹಲಗೆ, ಇವೇ ನನ್ನ ಪುಸ್ತಕಗಳಾದವು. ಮಕ್ಕಳನ್ನು ಸಾಲಾಗಿ ಪೇಟೆಗೆ ಕರೆದುಕೊಂಡು ಹೋಗುತ್ತಿದ್ದೆ. ಕಂಡದ್ದನ್ನು ಓದಬೇಕು, ಸ್ಲೇಟಿನ ಮೇಲೆ ಬರೆದುಕೊಳ್ಳಬೇಕು, ಅದರಿಂದ ಏನು ತಿಳಿಯಿತು ಎಂದು ಬಂದು ಹೇಳಬೇಕು. ಈಗ ಇದಕ್ಕೆ ಏನೇನೋ ದೊಡ್ಡ ಹೆಸರು ಇಟ್ಟು ತರಬೇತಿ ಕೊಡುತ್ತಾರೆ. ಆಗ ಇದರ ಹೆಸರು ಹುಚ್ಚು ಎಂದಿತ್ತು.

ಹುಚ್ಚಿಗೆ ಮೊದಲು ಬಲಿಯಾದವರು ಶಾಮಣ್ಣನವರೇ. ಬಸ್ ಸ್ಟ್ಯಾಂಡಿನಲ್ಲಿ "ಇಲ್ಲಿ ಉಗುಳಬಾರದು" ಎಂಬುದನ್ನು ಓದಿಕೊಂಡು ಬಂದ ನನ್ನ ಮಕ್ಕಳು, ಅವರು ಎಲೆಅಡಿಕೆ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗುವುದನ್ನೇ ಕಾದಿದ್ದು, ತಟ್ಟಿಯ ಸಂದಿಯಿಂದ ಒಕ್ಕೊರಲಿನಲ್ಲಿ ಅದನ್ನು ಓದಿ ಹೇಳಿದರು. ನಾನೇ ಹೇಳಿಕೊಟ್ಟು ಅನ್ನಿಸಿದೆ ಎಂದು ಅವರು ಕೊನೆಯವರೆಗೂ ನಂಬಿದ್ದರು. ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಿತ್ತು ಎಂದು ಮಾತ್ರ ಅನ್ನಿಸಿತು.

ಪೇಟೆಯವರ ಅನುಮಾನ ಹೆಡ್ ಮೇಷ್ಟ್ರ ಅನುಮಾನದಂತೆ ನಗುವ ವಿಷಯವಾಗಿರಲಿಲ್ಲ. ಮಂಡಿಯ ವ್ಯಾಪಾರಕ್ಕೆ ಸರ್ಕಾರ ಕಾಯ್ದೆ ತರುತ್ತದಂತೆ, ಅಧಿಕಾರಿಗಳು ವೇಷ ಮರೆಸಿಕೊಂಡು ತಿರುಗುತ್ತಾರಂತೆ ಎಂಬ ಗಾಳಿಸುದ್ದಿ ಆಗ ಎಲ್ಲ ಅಂಗಡಿಯಲ್ಲೂ ಇತ್ತು. ಅಂಥ ಹೊತ್ತಿನಲ್ಲಿ ಒಬ್ಬ ಹೆಂಗಸು ಚಿಕ್ಕ ಮಕ್ಕಳ ಕೈಗೆ ಸ್ಲೇಟು ಕೊಟ್ಟು ಅಂಗಡಿ ಅಂಗಡಿಯ ಮುಂದೆ ನಿಲ್ಲಿಸಿ ಬರೆಸುತ್ತಾಳೆಂದರೆ! ನಮ್ಮ ಸಾಲು ಕಂಡ ಕೂಡಲೇ ಧಾರಣೆಯ ಹಲಗೆಗಳು ಗೋಡೆಯ ಕಡೆ ಮುಖ ಮಾಡುತ್ತಿದ್ದವು. ಒಬ್ಬ ಬೆಲ್ಲದ ವ್ಯಾಪಾರಿಯಂತೂ ನನ್ನನ್ನು ಕೇಳಿಯೇಬಿಟ್ಟ.

"ಅಕ್ಕೋರೆ, ಈ ಹುಡುಗ್ರು ಬರ್ಕೊಂಡಿದ್ದು ಎಲ್ಲಿಗೆ ಹೋಗ್ತೈತ್ರಿ?"

"ಎಲ್ಲಿಗೂ ಹೋಗಲ್ರಿ. ನೀರು ಹಚ್ಚಿ ಅಳಿಸಿ ನಾಳೆ ಬ್ಯಾರೆ ಬರೀತಾರೆ."

"ಅಳಿಸೋದಾದ್ರೆ ಬರೆಯೋದ್ಯಾಕ?" ಎಂದು ಅವನು ಹುಬ್ಬು ಗಂಟಿಕ್ಕಿದ. ಅಳಿಸುವ ಮಾತು ಕೇಳಿದ ಮೇಲೆ ಅವನ ಅನುಮಾನ ಇನ್ನೂ ಗಟ್ಟಿಯಾಯಿತೇ ಹೊರತು ಹೋಗಲಿಲ್ಲ.

ಇಷ್ಟರಲ್ಲಿ ಕೊಟ್ರಮ್ಮ ನನ್ನ ತರಗತಿಗೆ ಬಂದಳು. ಕೆದರಿದ ಕೂದಲು, ಹಲ್ಲು ಬಿದ್ದ ಬಾಯಿ, ಮಾತು ಕಡಿಮೆ. ಅವಳ ಅಪ್ಪ ಹಾಲಪ್ಪ, ಸಾಹುಕಾರರ ಅಂಗಡಿಯಲ್ಲೇ ಕೈ ಹಿಡಿಯುವ ಕೆಲಸದಲ್ಲಿದ್ದವನು. ಇದನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ಆಗ ಮಂಡಿಯಲ್ಲಿ ಮಾಲಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಲಾಲಿ ಅಂಗಡಿಯವನು, ಕೊಳ್ಳುವವನು ಇಬ್ಬರೂ ಕೈ ಕೂಡಿಸಿ ಮೇಲೆ ಟವೆಲು ಹಾಕಿಕೊಳ್ಳುತ್ತಿದ್ದರು. ಒಳಗೆ ಬೆರಳು ಹಿಡಿದು, ಹಿಂಡಿ, ಬೆಲೆ ಆಡಿಕೊಳ್ಳುತ್ತಿದ್ದರು. ಮಾಲು ತಂದ ರೈತ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಕಾಣುತ್ತಿದ್ದುದು ಟವೆಲು ಅಲುಗಾಡುವುದು ಮಾತ್ರ. ಹಾಲಪ್ಪನಿಗೆ ಲೆಕ್ಕ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅವನ ಅನ್ನವೆಲ್ಲ ಆ ಬೆರಳುಗಳಲ್ಲಿ ಮತ್ತು ಮುಚ್ಚಿದ ಬಾಯಿಯಲ್ಲಿ ಇತ್ತು.

ಒಂದು ಶುಕ್ರವಾರ ನಾನು ಮಕ್ಕಳಿಗೆ ಹೇಳಿದೆ: "ನಿಮ್ಮ ಮನೆಯವರು ಮಾಡುವ ಒಂದು ಕೆಲಸ ಬರೀರಿ. ಮೊದಲು ಏನು, ಆಮೇಲೆ ಏನು. ಆ ಕೆಲಸ ನೋಡದೆ ಇದ್ದೋರಿಗೂ ಗೊತ್ತಾಗಬೇಕು." ಹೆಚ್ಚಿನವರು "ನಮ್ಮಪ್ಪ ಗಿರಣಿಗೆ ಹೋಗುತ್ತಾರೆ, ಬರುತ್ತಾರೆ" ಎಂದು ಬರೆದು ಕೈ ತೊಳೆದುಕೊಂಡರು. ಕೊಟ್ರಮ್ಮ ಸ್ಲೇಟಿನ ಎರಡೂ ಮಗ್ಗುಲು ತುಂಬಿಸಿ ತಂದಳು.

"ನಮ್ಮಪ್ಪ ಮಂಡಿಯಲ್ಲಿ ಕೈ ಹಿಡಿಯುತ್ತಾರೆ. ಮೊದಲು ಕೈಯ ಮೇಲೆ ಟವೆಲು ಹಾಕಬೇಕು. ಒಂದು ಬೆರಳು ಹಿಡಿದರೆ ಒಂದು. ಎರಡು ಬೆರಳು ಹಿಡಿದರೆ ಎರಡು. ಕೈ ಪೂರ್ತಿ ಹಿಡಿದರೆ ಐದು. ಬೆರಳಿನ ತುದಿ ಹಿಂಡಿದರೆ ಅರ್ಧ. ಅಂಗೈ ಕೆರೆದರೆ ಆಗುವುದಿಲ್ಲ ಎಂದು ಅರ್ಥ. ಮಾತಾಡಬಾರದು. ಮುಖ ನೋಡಬಾರದು."

ನನಗೆ ಖುಷಿಯಾಗುವ ಬದಲು ಅನುಮಾನವಾಯಿತು. ಎರಡನೇ ತರಗತಿಯ ಮಗು ಹೀಗೆ ಒಂದರ ಮೇಲೊಂದು ಜೋಡಿಸಿ ಬರೆಯುತ್ತದೆಯೆ? ಯಾರೋ ದೊಡ್ಡವರು ಹೇಳಿ ಬರೆಸಿರಬೇಕು.

"ಯಾರು ಹೇಳಿಕೊಟ್ರು ನಿಂಗೆ?"

"ನಮ್ಮಪ್ಪ ನಂಗೆ ಎಣಿಸೋದು ಹೇಳಿಕೊಟ್ಟಿದ್ದೇ ಹಿಂಗ್ರಿ."

"ಬರೆಯೋದು?"

"ಅಪ್ಪಂಗೆ ಬರೆಯಾಕೆ ಬರಂಗಿಲ್ರಿ."

ಆದರೂ ಬಿಡಲಿಲ್ಲ. ಅವಳನ್ನು ನನ್ನ ಮಗ್ಗುಲಲ್ಲಿ ಕೂರಿಸಿಕೊಂಡು, ರೊಟ್ಟಿ ಮಾಡುವುದನ್ನು ಈಗಿಂದೀಗಲೇ ಬರಿ ಎಂದೆ. ಹಿಟ್ಟು ನಾದುವುದು, ತಟ್ಟುವುದು, ಹಂಚಿಗೆ ಹಾಕಿದ ಮೇಲೆ ಮೇಲ್ಭಾಗಕ್ಕೆ ನೀರು ಸವರುವುದು, ಎಲ್ಲ ಸಾಲಾಗಿ ಬಂತು. ಕೊನೆಗೆ "ಆಗ ಅವ್ವನನ್ನು ಮಾತಾಡಿಸಬಾರದು, ರೊಟ್ಟಿ ಸೀಯುತ್ತದೆ, ನಮಗೆ ಏಟು ಬೀಳುತ್ತದೆ" ಎಂದೂ ಇತ್ತು. ಈ ಮಾತನ್ನು ಯಾವ ದೊಡ್ಡವರೂ ಹೇಳಿ ಬರೆಸುವುದಿಲ್ಲ. ನನ್ನ ಕೆಲಸದಲ್ಲಿ ಮೊದಲ ಸಲ ಒಂದು ಮಗುವನ್ನು ಪೂರ್ತಿ ನಂಬಿದೆ.

ಶನಿವಾರ ಬೆಳಗಿನ ಶಾಲೆ. ಕೊಟ್ರಮ್ಮ ಬರೆದ ಮಂಡಿಯ ಪಾಠವನ್ನು ಗೋಡೆಯ ಕಪ್ಪುಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ನಾನೇ ನಕಲು ಮಾಡಿದೆ. ಮಕ್ಕಳೆಲ್ಲ ಓದಿದರು. ಓದಿದ್ದು ಅರ್ಥವಾಗಿದೆಯೋ ಇಲ್ಲವೋ ನೋಡಬೇಕಲ್ಲ, ಇಬ್ಬಿಬ್ಬರನ್ನು ಎಬ್ಬಿಸಿ ಕೈಯ ಮೇಲೆ ಕರವಸ್ತ್ರ ಹಾಕಿಸಿ ಮಾಡಿಸಿ ನೋಡಿದೆ. ತಿಪ್ಪೇಶಿಯ ತಮ್ಮ ಕೂಡ ತಪ್ಪಿಲ್ಲದೆ ಮಾಡಿದ! ಅಷ್ಟು ಚೆನ್ನಾದ ಪಾಠವನ್ನು ಅಳಿಸಲು ಮನಸ್ಸು ಬರಲಿಲ್ಲ. ಸೋಮವಾರ ಇನ್ನೊಮ್ಮೆ ಓದಿಸೋಣ ಎಂದು ಹಾಗೆಯೇ ಬಿಟ್ಟು ಬಾಗಿಲು ಎಳೆದುಕೊಂಡು ಹೋದೆ. ಅದನ್ನು ತಪ್ಪು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಹಲಗೆ ಇರುವುದು ಬರೆಯುವುದಕ್ಕೆ, ಬರೆದದ್ದು ಇರುವುದು ಓದುವುದಕ್ಕೆ.

ಓದಿದರು. ಭಾನುವಾರ ಪಡಸಾಲೆಯಲ್ಲಿ ಮಲಗಲು ಬಂದವರಲ್ಲಿ ಕೊಕ್ಕನೂರಿನ ರೈತನೊಬ್ಬನಿಗೆ ಅಕ್ಷರ ಬರುತ್ತಿತ್ತಂತೆ. ಬುತ್ತಿ ಬಿಚ್ಚಿಕೊಂಡು ಉಂಡು, ಗೋಡೆಗೆ ಒರಗಿ ಎಲ್ಲರಿಗೂ ಕೇಳುವಂತೆ ಓದಿ ಹೇಳಿದ್ದಾನೆ. ಸೋಮವಾರ ಬೆಳಿಗ್ಗೆ ಮಂಡಿಯಲ್ಲಿ ಹಾಲಪ್ಪ ಟವೆಲು ತೆಗೆದು ಕೈ ಬಿಡಿಸಿಕೊಳ್ಳುತ್ತಿದ್ದಾಗ ಆ ರೈತ, "ಹಾಲಪ್ಪ, ತುದಿ ಹಿಂಡಿದ್ರೋ, ಪೂರ್ತಿ ಹಿಡಿದ್ರೋ?" ಎಂದು ಕೇಳಿದನಂತೆ. ಉಳಿದ ರೈತರು ಹೋ ಎಂದು ನಕ್ಕರಂತೆ. ಅಂದು ಮಂಡಿಯಲ್ಲಿ ವ್ಯಾಪಾರ ನಿಂತುಹೋಯಿತು.

ಮಾರನೆಯ ದಿನ ಮಧ್ಯಾಹ್ನ ಚನ್ನಬಸಪ್ಪ ಸಾಹುಕಾರರು ಇನ್ನಿಬ್ಬರು ವ್ಯಾಪಾರಿಗಳನ್ನು ಕರೆದುಕೊಂಡು ಶಾಲೆಗೆ ಬಂದರು. ಒಬ್ಬ ನನ್ನ ಹಳೆಯ ಬೆಲ್ಲದವನು, ಇನ್ನೊಬ್ಬ ಅರಳೆ ಕೊಳ್ಳುವವನು. ಹಿಂದೆ ಹಾಲಪ್ಪ ತಲೆ ತಗ್ಗಿಸಿಕೊಂಡು ನಿಂತಿದ್ದ. ಶಾಮಣ್ಣನವರು ಕುರ್ಚಿ ತಂದು ಹಾಕಿ, ತಾವು ತಟ್ಟಿಯ ಮರೆಗೆ ನಿಂತರು. ಸಾಹುಕಾರರು ಕೂಗಾಡುವ ಮನುಷ್ಯರಲ್ಲ. ಅದೇ ನನಗೆ ಭಯವಾದದ್ದು.

"ಅಕ್ಕೋರೆ, ಕೂಡ್ರಿ. ನಿಮ್ಮನ್ನ ನಾವೇನು ನುಂಗಂಗಿಲ್ಲ. ಯಾವ ಆಫೀಸಿನೋರು ಕಳಿಸ್ಯಾರೆ ಅಂತ ಹೇಳಿಬಿಡ್ರಿ ಸಾಕು."

"ನನ್ನ ಯಾರೂ ಕಳಿಸಿಲ್ರಿ. ಅದನ್ನ ಬರೆದದ್ದು ನನ್ನ ತರಗತಿ ಹುಡುಗಿ. ಬೇಕಾದ್ರೆ ನೋಡ್ರಿ" ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಹಾಲಪ್ಪನ ಮುಖ ನೋಡಿದ ಮೇಲೆ ನಾನು ಹೇಳಿದ್ದರ ಅರ್ಥ ನನಗಾಯಿತು.

"ಹುಡುಗಿ?" ಎಂದು ಸಾಹುಕಾರರು ಅವನ ಕಡೆ ತಿರುಗಿದರು. "ಹಂಗಾರೆ ಮನ್ಯಾಗೆ ಬಾಯಿ ಬಿಟ್ಟಿದೀಯ. ಕೈ ಹಿಡಿಯೋನು ಬಾಯಿ ಬಿಟ್ರೆ ಅವನನ್ನ ಯಾವ ಅಂಗಡ್ಯಾಗೂ ಕೂರ್ಸಂಗಿಲ್ಲ, ಗೊತ್ತೈತಲ್ಲ? ಇನ್ನು ನಿನ್ನ ಮಗಳು. ಕಂಡಿದ್ದನ್ನೆಲ್ಲ ಬರೆಯೋ ಹುಡುಗಿ ನಮ್ಮ ಪಡಸಾಲ್ಯಾಗೆ ಬ್ಯಾಡ. ಇವತ್ತಿಗೆ ಸಾಲಿ ಬಿಡ್ಸು."

ಬೆಲ್ಲದವನು ನಡುವೆ ಬಾಯಿ ಹಾಕಿದ. "ಸಾವ್ಕಾರ್ರೆ, ಇಷ್ಟುದ್ದದ ಹುಡುಗಿ ಇದನ್ನ ಬರಿತೈತೇನ್ರಿ? ಅಕ್ಕೋರೇ ಬರೆದು ಹುಡುಗಿ ಮ್ಯಾಲೆ ಹಾಕ್ತಿದಾರೆ. ಇದೆಲ್ಲ ಮ್ಯಾಲಿನೋರ ಆಟ. ಕರಸ್ರಿ ಹುಡುಗೀನ, ಬರೆಸಿ ನೋಡನ."

ಕೊಟ್ರಮ್ಮನನ್ನು ಕರೆದರು. ಸಾಹುಕಾರರೇ ಸ್ಲೇಟು ಕೊಟ್ಟು, "ನಮ್ಮ ಅಂಗಡ್ಯಾಗೆ ತಕ್ಕಡಿ ಹೆಂಗೆ ತೂಗ್ತಾರೆ, ಬರಿಯವ್ವ, ಹೆದರಬ್ಯಾಡ" ಎಂದರು.

ಅವಳು ಅಪ್ಪನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ನನ್ನ ಕಡೆ ನೋಡಿದಳು. ಆಮೇಲೆ ಬಳಪವನ್ನು ಒನಕೆ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡು ಸ್ಲೇಟಿನ ಮೇಲೆ ಬಗ್ಗಿದಳು. ಬಂದದ್ದು ಅಕ್ಷರವಲ್ಲ, ಏನೋ ಸೊಟ್ಟ ಸುರುಳಿ. ಎಂಜಲು ಹಚ್ಚಿ ಅಳಿಸಿದಳು. ಮತ್ತೆ ಬರೆದಳು, ಈ ಸಲ ತಲೆಕೆಳಗಾದ ಒಂದು "ತ". ಬೆಲ್ಲದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕೊಟ್ರಮ್ಮನೂ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಓದಲು ಬಾರದೆ ಓದುವ ನಾಟಕ ಆಡುವ ಮಕ್ಕಳನ್ನು ನಾನು ಎಷ್ಟೋ ಹಿಡಿದಿದ್ದೆ. ಬರೆಯಲು ಬಂದೂ ಬಾರದ ನಾಟಕ ಆಡುವ ಮಗುವನ್ನು ನೋಡಿದ್ದು ಅದೇ ಮೊದಲು. ಅಷ್ಟು ಸರಿಯಾಗಿ ತಪ್ಪು ಬರೆಯಬೇಕಾದರೆ ಅಕ್ಷರ ಚೆನ್ನಾಗಿ ಬರಬೇಕು. "ಕೊಟ್ರಮ್ಮ, ರೊಟ್ಟಿ ಬರಿ" ಎಂದು ನಾನು ಒಂದು ಮಾತು ಗದರಿಸಿದ್ದರೆ ಅವಳ ನಾಟಕ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಮೇಲಿನ ಆಪಾದನೆಯೂ ಹೋಗುತ್ತಿತ್ತು. ಅವಳಪ್ಪನ ಅನ್ನ, ಅವಳ ಶಾಲೆ ಎರಡೂ ಅದರ ಜೊತೆಗೇ ಹೋಗುತ್ತಿದ್ದವು.

"ಮತ್ತೆ ಹಲಗೆ ಮ್ಯಾಲೆ ಬರೆದದ್ದು ಯಾರ್ರೀ ಅಕ್ಕೋರೆ?" ಎಂದರು ಸಾಹುಕಾರರು.

"ಹಲಗೆ ಮ್ಯಾಲಿನ ಅಕ್ಷರ ನಂದೇ" ಎಂದೆ. ಅದೇನು ಸುಳ್ಳಲ್ಲ.

ಸಾಹುಕಾರರು ಎದ್ದು ನಿಂತು ಧೋತರ ಕೊಡವಿಕೊಂಡರು. ಹಾಲಪ್ಪನ ಭುಜ ತಟ್ಟಿದರು. "ಹುಡುಗಿ ಬರ್ಲಿ ಬಿಡು ಸಾಲಿಗೆ, ಪಾಪ, ಅದಕ್ಕೇನು ಗೊತ್ತು" ಎಂದರು. ನನಗೆ ಕೈ ಮುಗಿದರು. ಹಾಗೆ ಕೈ ಮುಗಿದದ್ದರ ಅರ್ಥ ವರ್ಗಾವಣೆಯ ಆರ್ಡರು ಬಂದಾಗ ತಿಳಿಯಿತು. ನನ್ನ ಮೇಲೆ ದೂರು ಬರೆದವರು ಯಾರು ಎಂದು ನನಗೆ ಯಾರೂ ಹೇಳಲಿಲ್ಲ. ಬೀಳ್ಕೊಡುವಾಗ ಶಾಮಣ್ಣನವರು ಕಣ್ಣೀರು ಹಾಕಿದರು, ಹಾಗಾಗಿ ಅವರೇ ಇರಬೇಕು ಎಂದುಕೊಂಡೆ.

ವರ್ಗವಾದದ್ದು ಹರಿಹರಕ್ಕೆ. ನಾನು, ನಮ್ಮವ್ವ, ಎರಡು ಟ್ರಂಕು. ಅಲ್ಲಿ ನನ್ನ ಸೋಪಿನ ಕಾಗದ, ಬಸ್ಸಿನ ಬೋರ್ಡನ್ನು ಯಾರೂ ಆಕ್ಷೇಪಿಸಲಿಲ್ಲ. ಸಂತೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಮಕ್ಕಳು ಬೋರ್ಡು ಓದಿ ಹಳ್ಳಿಯವರಿಗೆ ಬಸ್ಸು ತೋರಿಸುತ್ತಿದ್ದರು. ಅವರಾದರೋ ಮಕ್ಕಳ ಮಾತು ಕೇಳಿ ಬಸ್ಸು ಹತ್ತಿ, ಮತ್ತೆ ಇಳಿದು ಬಂದು, "ಈ ಹುಡುಗ ಇದು ಭಾನುವಳ್ಳಿ ಬಸ್ಸು ಅಂತಾನೆ, ಖರೇನೇನ್ರಿ?" ಎಂದು ಕಂಡಕ್ಟರನನ್ನು ಕೇಳಿಯೇ ಕೂರುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೂ ಹಾಗೆಯೇ ಕೇಳುವವಳು.

ಅಷ್ಟರಲ್ಲಿ ಕಾಲ ಬದಲಾಗಿ ಹೊಸ ಹೊಸ ತರಬೇತಿ ಶುರುವಾದವು. ಅಕ್ಷರ ಮೊದಲಲ್ಲ, ವಾಕ್ಯವೇ ಮೊದಲು ಎಂದು ಒಬ್ಬರು ಬಂದು ಹೇಳಿದರು. ಚಿತ್ರಪಟ, ಮಿಂಚುಪಟ್ಟಿ ಕೊಟ್ಟರು. ಮಿಂಚುಪಟ್ಟಿ ಎಂದರೆ ಒಂದು ರಟ್ಟಿನ ಮೇಲೆ ಒಂದು ಪದ ಬರೆದು ಫಕ್ಕನೆ ತೋರಿಸಿ ಓದಿಸುವುದು. ಮಕ್ಕಳು ಫಕ್ಕನೆ ಓದುತ್ತಿದ್ದರು. ನಾನು ಆ ರಟ್ಟುಗಳ ಮೂಲೆಯ ಎಣ್ಣೆ ಕಲೆ, ಹರಿದ ಗುರುತು ಎಲ್ಲ ಕತ್ತರಿಸಿ ಮತ್ತೆ ತೋರಿಸಿದೆ. ಓದು ಅರ್ಧಕ್ಕೆ ಅರ್ಧ ಇಳಿಯಿತು! ಹುಡುಗಿಯರೇ, ಇದೊಂದನ್ನು ನೆನಪಿಡಿ, ಯಾವ ಪದ್ಧತಿ ಬಂದರೂ ಮಕ್ಕಳು ಅದರ ಕಲೆಯನ್ನು ಮೊದಲು ಕಲಿಯುತ್ತಾರೆ.

ಅಂಥದೇ ಒಂದು ತರಬೇತಿಯಲ್ಲಿ ದಾವಣಗೆರೆಯಲ್ಲಿ ನನ್ನ ಜಾಗಕ್ಕೆ ಬಂದಿದ್ದ ಟೀಚರು ಸಿಕ್ಕಳು. ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಹಳೆಯ ಮಕ್ಕಳ ಬಗ್ಗೆ ಒಬ್ಬೊಬ್ಬರಾಗಿ ವಿಚಾರಿಸಿದೆ. ಕೊಟ್ರಮ್ಮನ ಹೆಸರು ತೆಗೆದ ಕೂಡಲೇ ಅವಳು ತಲೆ ಕೊಡವಿದಳು.

"ಅಯ್ಯೋ, ಆ ಹುಡುಗೀನಾ? ಏನು ಕೊಟ್ರೂ ಓದ್ತಾಳ್ರಿ. ಬರಿ ಅಂದ್ರೆ ಮಾತ್ರ ಕೈಯೇ ಬರಲ್ಲ. ನಾಕನೇ ತರಗತಿಗೆ ಬಂದಾಳೆ, ಈ ವರ್ಷ ಬರೆಯೋ ಪರೀಕ್ಷೆ ಐತೆ. ಫೇಲಾಗ್ತಾಳೆ, ಫೇಲಾದ್ರೆ ಬಿಡಿಸ್ತೀನಿ ಅಂತ ಅವಳವ್ವ ಕೂತಾಳೆ."

ಆ ನಾಟಕ ಆ ಮಧ್ಯಾಹ್ನಕ್ಕೇ ಮುಗಿಯಿತು ಎಂದು ನಾನು ತಿಳಿದಿದ್ದೆ. ಅವಳು ಅದನ್ನು ನಿಲ್ಲಿಸಿಯೇ ಇರಲಿಲ್ಲ. ನಿಲ್ಲಿಸುವುದಾದರೂ ಹೇಗೆ? ಸಾಹುಕಾರರ ಪಡಸಾಲೆಯಲ್ಲೇ ಕೂತು, ಅವರ ಗುಮಾಸ್ತರ ಕಣ್ಣೆದುರಿಗೆ ಬರೆದರೆ ಅಪ್ಪ ಸಿಕ್ಕಿಬೀಳುತ್ತಾನೆ. ಬರೆಯದಿದ್ದರೆ ಇವಳು ಫೇಲು. ಎರಡರಲ್ಲಿ ಯಾವುದಾದರೂ ಅವಳ ಶಾಲೆ ಅಲ್ಲಿಗೆ ಮುಗಿಯುತ್ತದೆ.

"ಹಾಲಪ್ಪಂಗೆ ಒಂದು ಮಾತು ಹೇಳು. ಹರಿಹರದಾಗೂ ಇಸ್ಕೂಲು ಐತೆ ಅಂತ" ಎಂದು ಆ ಟೀಚರ ಕೈಯಲ್ಲಿ ಹೇಳಿ ಕಳಿಸಿದೆ.

ಕೆಲವು ದಿನ ಯಾರೂ ಬರಲಿಲ್ಲ. ಆಮೇಲೆ ಒಂದು ದಿನ ಶಾಲೆ ಬಿಟ್ಟು ಮಕ್ಕಳೆಲ್ಲ ಹೋದ ಮೇಲೆ ಹಾಲಪ್ಪ ಮಗಳ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಕೊಟ್ರಮ್ಮ ಉದ್ದವಾಗಿದ್ದಳು, ಹಲ್ಲು ಬಂದಿದ್ದವು. ನನ್ನ ಬುದ್ಧಿ ಎಲ್ಲಿ ಹೋಗುತ್ತದೆ? ಕೂಡ್ರಿ ಎನ್ನುವ ಮೊದಲೇ ಕೇಳಿದೆ.

"ಸಾವ್ಕಾರ್ರು ಕಳಿಸಿದ್ರೇನು?"

"ಇಲ್ರಿ ಅಕ್ಕೋರೆ. ಅವರಿಗೆ ಗೊತ್ತಿಲ್ಲ. ಇಲ್ಲೇ ನಮ್ಮ ತಂಗಿ ಮನಿ ಐತೆ. ಇವಳ್ನ ಅಲ್ಲಿ ಬಿಟ್ಟು ನಿಮ್ಮ ಸಾಲಿಗೆ ಸೇರ್ಸಾನ ಅಂತ ಬಂದೀನಿ."

"ಅವತ್ತು ಸಾವ್ಕಾರ್ರ ಮುಂದೆ ಹಂಗೆ ಸೊಟ್ಟ ಬರಿ ಅಂತ ಇವಳಿಗೆ ನೀವು ಹೇಳಿಕೊಟ್ಟಿದ್ರಾ?"

"ಶಿವನಾಣೆ ಇಲ್ರಿ. ಹಿಂದಿನ ದಿನ ಕೆಲಸ ಹೋತು ಅಂತ ನಾನು, ಇವರವ್ವ ಮಾತಾಡ್ತಾ ಕುಂತಿದ್ವಿ. ಕೇಳಿಸ್ಕಂಡಿರಬೇಕು. ಆಮ್ಯಾಗೆ ಇವಳು ಯಾವತ್ತೂ ಬರೆದಿದ್ದು ನಾನು ಕಂಡಿಲ್ಲ. ಬರಿ ಅಂದ್ರೆ ಎದ್ದು ಹೋಗ್ತಿದ್ಲು. ಮರೆತಾಳೇನೋ ಅಂತ ನಂಗೂ ಅನುಮಾನ ಐತ್ರಿ. ಮರೆತಿದ್ರೆ ನಿಮಗ್ಯಾಕೆ ಭಾರ? ಒಮ್ಮೆ ನೋಡ್ರಿ."

ಅವನಿಗೂ ಪರೀಕ್ಷೆ ಬೇಕಾಗಿತ್ತು, ನನಗೂ ಬೇಕಾಗಿತ್ತು. ನಾನು ಬಾಗಿಲು ಮುಂದೆ ಮಾಡಿ ಬಂದು ಸುಣ್ಣದ ಕಡ್ಡಿ ಕೊಟ್ಟೆ.

"ಕೊಟ್ರಮ್ಮ, ನಿಂಗೆ ಬಾಳ ಚೆನ್ನಾಗಿ ಬರೋ ಕೆಲಸ ಯಾವುದೈತೆ, ಅದನ್ನ ಬರಿಯವ್ವ. ನಿಂಗೆ ತಿಳಿದಂಗೆ ಬರಿ."

ಅವಳು ಹಲಗೆಯ ಮುಂದೆ ನಿಂತೇ ಇದ್ದಳು. ಸುಣ್ಣದ ಕಡ್ಡಿ ಬೆರಳಲ್ಲಿ ತಿರುಗುತ್ತಿತ್ತು. ಮರೆತಿದ್ದಾಳೆ, ಹೋಯಿತು ಎಂದು ನಾನು ಮನಸ್ಸಿನಲ್ಲೇ ಕೈ ಚೆಲ್ಲಿದೆ. ಆಗ ಕಡ್ಡಿಯನ್ನು ಮೂರು ಬೆರಳಲ್ಲಿ ಹಿಡಿದು ಮೇಲಿನಿಂದ ಶುರುಮಾಡಿದಳು. ಕೈ ಬಿಗಿಯಾಗಿತ್ತು, ಸಾಲು ಸ್ವಲ್ಪ ಕೆಳಕ್ಕೆ ಇಳಿಯುತ್ತಿತ್ತು. ಆದರೆ ಎಲ್ಲೂ ನಿಲ್ಲಲಿಲ್ಲ. ಬರೆದು ಮುಗಿಸಿ ನಮಗೆ ಬೆನ್ನು ಮಾಡಿಕೊಂಡು ಹಲಗೆಯ ಹತ್ತಿರವೇ ನಿಂತಳು.

ಹಾಲಪ್ಪ ಅಕ್ಷರಗಳನ್ನು ನೋಡಿ ಬಿಕ್ಕಿ ಬಿಕ್ಕಿ ಅತ್ತ. "ಬರ್ತೈತ್ರಿ ಅಕ್ಕೋರೆ, ಬರ್ತೈತೆ! ಏನು ಬರೆದಾಳೆ, ಓದ್ರಿ" ಎಂದ.

ನಾನು ಗಟ್ಟಿಯಾಗಿ ಓದಿದೆ.

"ಬರೆಯಲು ಬಾರದ ಹಾಗೆ ಇರುವುದು. ಮೊದಲು ಬಳಪವನ್ನು ಮುಷ್ಟಿಯಲ್ಲಿ ಹಿಡಿಯಬೇಕು. ಅಕ್ಷರವನ್ನು ಕೆಳಗಿನಿಂದ ಶುರು ಮಾಡಬೇಕು. ಮರೆತು ಸರಿಯಾಗಿ ಬಂದುಬಿಟ್ಟರೆ ಬೇಗ ಅಳಿಸಬೇಕು. ದಡ್ಡಿ ಎಂದರೆ ತಲೆ ಬಗ್ಗಿಸಬೇಕು. ಯಾರಾದರೂ ನಕ್ಕರೆ ನಾವೂ ನಗಬೇಕು. ಮನೆಗೆ ಹೋದ ಮೇಲೆ ಅಳಬಹುದು."

ಹಾಲಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ತಲೆ ಅಲ್ಲಾಡಿಸಿದ.

"ಕಡೀದು ಸುಳ್ರಿ ಅಕ್ಕೋರೆ. ಇವಳು ಮನ್ಯಾಗೆ ಒಂದಿನಾನೂ ಅತ್ತಿಲ್ಲ."

ಕೊಟ್ರಮ್ಮ ಹಲಗೆಯ ಕಡೆಯಿಂದ ತಿರುಗಲಿಲ್ಲ.

"ಅತ್ತೀನಪ್ಪ" ಎಂದಳು. "ನೀ ಮಂಡಿಗೆ ಹೋದ ಮ್ಯಾಲೆ."